ಎಎಂಟಿ ಕಾರನ್ನು ಮ್ಯಾನ್ಯುಯಲ್‌ಗೆ ಬದಲಾಯಿಸಬಹುದೇ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2017ರ ಮಾದರಿಯ, ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ಗೇರ್ ತಾನಾಗಿ ಬದಲಾಗುವ ವ್ಯವಸ್ಥೆ) ಇರುವ ಪೆಟ್ರೋಲ್ ಕಾರು ಇದೆ. ತೀರ್ಥಹಳ್ಳಿಯಿಂದ ಉಡುಪಿಗೆ ತಿಂಗಳಿಗೆರಡು ಬಾರಿ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಕಳೆದ ವಾರ ಆಗುಂಬೆ ಘಾಟಿ ಹತ್ತುವಾಗ ತಿರುವಿನಲ್ಲೇ ಗೇರ್ ತಾನಾಗಿ ನ್ಯೂಟ್ರಲ್‌ಗೆ ಬಿದ್ದು, ಮೀಟರ್‌ನಲ್ಲಿ 'ಎನ್' ಅಕ್ಷರ ಮಿನುಗತೊಡಗಿತು. ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಕಾರು ಒಂದು ಮಾರು ಹಿಂದೆ ಜಾರಿತ್ತು. ಅಮ್ಮ ಇನ್ನೂ ಆ ಭಯದಿಂದ ಹೊರಬಂದಿಲ್ಲ.

ಬ್ಯಾಟರಿ ಹೊಸದು ಹಾಕಿಸಿದೆ, ಕ್ಲಚ್ ಪ್ಲೇಟ್ ಬದಲಿಸಿದೆ, ಸ್ಕ್ಯಾನರ್ ಹಾಕಿಸಿ ಕ್ಲಚ್ ಹೊಂದಾಣಿಕೆಯನ್ನೂ ಮತ್ತೆ ಮಾಡಿಸಿದೆ. ಈಗ ಕ್ಲಚ್, ಗೇರ್‌ಗಳನ್ನು ಚಲಾಯಿಸುವ ಯಂತ್ರಭಾಗವಾದ ಆಕ್ಚುವೇಟರ್ ಪೂರ್ತಿ ಬದಲಿಸಬೇಕೆನ್ನುತ್ತಾರೆ. ಆ ಖರ್ಚು ನನ್ನ ಕೈಮೀರಿದ್ದು.

ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿ ಎಂಬ ಬೇರೆ ಬಗೆಯ ಆಟೋಮ್ಯಾಟಿಕ್‌ಗಳಲ್ಲಿ ಗೇರ್‌ಬಾಕ್ಸೇ ಬೇರೆ. ಎಎಂಟಿಯಲ್ಲಿ ಹಾಗಲ್ಲ: ಒಳಗಿರುವುದು ಮ್ಯಾನ್ಯುಯಲ್ ಗೇರ್‌ಬಾಕ್ಸೇ; ನಮ್ಮ ಕಾಲು ಮತ್ತು ಕೈ ಮಾಡುವ ಕೆಲಸವನ್ನು ಆಕ್ಚುವೇಟರ್ ಮಾಡುತ್ತದೆ. ಹಾಗಾಗಿ ಅದನ್ನು ತೆಗೆದು ಕ್ಲಚ್ ಪೆಡಲ್, ಗೇರ್ ಲಿವರ್, ಕೇಬಲ್‌ಗಳನ್ನು ಜೋಡಿಸಿದರೆ ಸಾಕೆಂದು ಪರಿಚಯದ ಮೆಕ್ಯಾನಿಕ್ ಹೇಳುತ್ತಾರೆ. ಆದರೆ ಎಂಜಿನ್ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಎಎಂಟಿಯ ಕಂಪ್ಯೂಟರಿನಿಂದ ಸಂಕೇತ ಬರದಿದ್ದರೆ ಸ್ಟಾರ್ಟ್ ಆಗಲು ಬಿಡುವುದೇ ಎಂಬಲ್ಲಿಗೆ ಅವರೂ ನಿಂತುಬಿಟ್ಟರು. ಮೇಲಾಗಿ, ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆಂಬ ಅಳುಕೂ ನನಗಿದೆ.

ದಯವಿಟ್ಟು ಈ ಬದಲಾವಣೆಯನ್ನು ಸ್ವತಃ ಮಾಡಿಸಿದವರು ತಿಳಿಸಿ: ಇಸಿಯುವನ್ನೂ ಮ್ಯಾನ್ಯುಯಲ್ ಮಾದರಿಯದಕ್ಕೆ ಬದಲಿಸಬೇಕಾಯಿತೇ, ಮತ್ತು ಆರ್‌ಟಿಓ ಹಾಗೂ ವಿಮೆಯವರು ಅದನ್ನು ಒಪ್ಪಿದರೇ?