ಸಹಾಯ ಬೇಕು: ನಾಲ್ಕು ಡಿಡಿಆರ್5 ರ‍್ಯಾಮ್ ಸ್ಟಿಕ್ ಹಾಕಿದ್ರೆ 6000 ವೇಗ ನಿಲ್ತಿಲ್ಲ

ರೈಜೆನ್ 7600 ಪ್ರೊಸೆಸರ್, ಬಿ650 ಮದರ್‌ಬೋರ್ಡ್. 16 ಜಿಬಿಯ ಎರಡು ಸ್ಟಿಕ್ (6000 ವೇಗ, ಸಿಎಲ್30 ಲೇಟೆನ್ಸಿ) ಎ2-ಬಿ2 ಸ್ಲಾಟ್‌ನಲ್ಲಿ ಎಕ್ಸ್‌ಪೋ (ರ‍್ಯಾಮ್‌ನ ಪೂರ್ತಿ ವೇಗ ಕೊಡೋ ಬಯಾಸ್ ಸೆಟ್ಟಿಂಗ್) ಆನ್ ಮಾಡಿ ಆರಾಮಾಗಿ ಓಡ್ತಿದ್ವು. ಅದೇ ಮಾಡೆಲ್ಲಿನ ಇನ್ನೊಂದು ಕಿಟ್ ಸೇರಿಸಿದ್ಮೇಲೆ ಹಳದಿ ಡಿರಾಮ್ ದೀಪ ಹತ್ತಿ ಅಲ್ಲೇ ನಿಂತುಬಿಡುತ್ತೆ. ಮೆಮೊರಿ ಟ್ರೈನಿಂಗ್ (ಬೋರ್ಡ್ ಹೊಸ ರ‍್ಯಾಮ್‌ಗೆ ಹೊಂದಿಸಿಕೊಳ್ಳೋದು) ಇರಬಹುದು ಅಂತ 20 ನಿಮಿಷ ಕಾದಾಯ್ತು. ಸಿಮಾಸ್ ಕ್ಲಿಯರ್ (ಬಯಾಸ್ ಸೆಟ್ಟಿಂಗ್ ರೀಸೆಟ್), ಹೊಸ ಬಯಾಸ್ ಎರಡೂ ಆಯ್ತು. ಒಂದೊಂದೇ ಸ್ಟಿಕ್ ಹಾಕಿ ಮೆಮ್‌ಟೆಸ್ಟ್ (ರ‍್ಯಾಮ್ ದೋಷ ಹುಡುಕೋ ಟೆಸ್ಟ್) ಓಡಿಸಿದ್ರೆ ನಾಲ್ಕೂ ಪಾಸ್.

ನಾಲ್ಕೂ ಹಾಕಿದ್ರೆ 3600ರಲ್ಲಿ ಬೂಟ್ ಆಗುತ್ತೆ; ನಾಲ್ಕು ಸ್ಟಿಕ್‌ಗೆ ಎಎಂಡಿ ಅಧಿಕೃತವಾಗಿ ಹೇಳೋದೂ ಅಷ್ಟೇ, ಗೊತ್ತು. ಆದ್ರೆ 5200ರಲ್ಲೂ ಬೂಟ್ ಆಗಿ, ಮೆಮ್‌ಟೆಸ್ಟ್‌ನ ಎರಡನೇ ಸುತ್ತಿನಲ್ಲಿ ಎರರ್ ಬರ್ತಿದೆ. ಎಸ್‌ಒಸಿ (ಪ್ರೊಸೆಸರ್‌ನ ಮೆಮೊರಿ ಕಂಟ್ರೋಲರ್ ಇರೋ ಭಾಗ) 1.25 ವೋಲ್ಟ್, 1.3 ದಾಟಿಸೋ ಮಾತೇ ಇಲ್ಲ.

ನಾಲ್ಕು ಸ್ಟಿಕ್‌ನಲ್ಲಿ 5200 ಎರರ್ ಇಲ್ದೆ ನಿಲ್ಲಿಸಿದವ್ರು ಪ್ರಾಕ್‌ಓಡಿಟಿ (ಮೆಮೊರಿ ಸಿಗ್ನಲ್‌ಗೆ ಪ್ರೊಸೆಸರ್ ಕಡೆಯ ರೆಸಿಸ್ಟೆನ್ಸ್) ಎಷ್ಟು ಓಮ್ ಇಟ್ಟಿದ್ದೀರಿ? ಅಥವಾ ಎರಡೂ ಕಿಟ್ ಮಾರಿ 32 ಜಿಬಿಯ ಎರಡು ಸ್ಟಿಕ್ ತಗೊಳ್ಳೋದೇ ವಾಸಿನಾ?