ಪದ ಬೇಕು: ‘ಅನ್‌ಸರ್ಕ್ಯುಲೇಟೆಡ್’ ನೋಟಿಗೆ ಕನ್ನಡದಲ್ಲಿ ಏನು?

ಗೆಳೆಯರೇ, ತುರ್ತಾಗಿ ಒಂದು ಪದ ಬೇಕು. ಅಮೆರಿಕದ ಹಳೆಯ ನ್ಯಾಷನಲ್ ಬ್ಯಾಂಕ್ ನೋಟುಗಳ ಪ್ರದರ್ಶನಕ್ಕೆ ಕನ್ನಡ ಫಲಕ ಬರೆಯುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಜನರ ಕೈಗೆ ಹೋಗದೆ, ಒಂದೂ ಮಡಿಕೆ ಬೀಳದೆ ಉಳಿದ ನೋಟು ‘ಅನ್‌ಸರ್ಕ್ಯುಲೇಟೆಡ್’. ಬೆಲೆ ಕಟ್ಟುವಾಗ ಇದೇ ಮೇಲಿನ ದರ್ಜೆ. ‘ಚಲಾವಣೆಯಾಗದ ನೋಟು’ ಅಂತ ಬರೆದಿದ್ದೇನೆ. ನಡೆಯುತ್ತದೆಯೇ?

---

ನಡೆಯುವುದಿಲ್ಲ. 2016ರ ನವೆಂಬರ್ ಆದ ಮೇಲೆ ಹಾಗೆಂದರೆ ಯಾರಿಗಾದರೂ ರದ್ದಾದ ನೋಟೇ ನೆನಪಾಗುತ್ತದೆ. ಅಮೆರಿಕ ಸರ್ಕಾರ 1861ರಿಂದ ಹೊರಡಿಸಿದ ನೋಟುಗಳು ಮುಖಬೆಲೆಗೆ ಇವತ್ತೂ ಚಲಾವಣೆಯಾಗುತ್ತವೆ, ನ್ಯಾಷನಲ್ ಬ್ಯಾಂಕ್ ನೋಟುಗಳೂ ಅಷ್ಟೇ. ಫಲಕವೇ ಸುಳ್ಳಾಗುತ್ತದೆ. ‘ಗರಿಗರಿ ನೋಟು’ ಅನ್ನಿ. ಬ್ಯಾಂಕಿನಿಂದ ಹೊಸ ಕಂತೆ ತಂದವರೆಲ್ಲ ಅನ್ನುವುದು ಅದನ್ನೇ.

---

ಗರಿಗರಿ ಸಾಲದು. ಒಂದೆರಡು ಮಡಿಕೆ ಬಿದ್ದ ನೋಟೂ ಗರಿಗರಿಯಾಗೇ ಇರುತ್ತದೆ, ಆದರೆ ಅದು ಕೆಳಗಿನ ದರ್ಜೆ. ಮಡಿಕೆಯನ್ನು ಒತ್ತಿ ಮರೆಸಿ ಹೊಸದೆಂದು ಮಾರುವವರೂ ಇದ್ದಾರೆ. ‘ಬಳಸದ ನೋಟು’ ಸಾಕು. ಅಂಚೆಚೀಟಿಗೆ ಹಾಗೇ ಅನ್ನುತ್ತೇವೆ ಅಲ್ವಾ?

ಇನ್ನೊಂದು ಮಾತು. ‘ನ್ಯಾಷನಲ್’ ಅನ್ನು ದಯವಿಟ್ಟು ‘ರಾಷ್ಟ್ರೀಕೃತ’ ಮಾಡಬೇಡಿ. ಓದುಗರಿಗೆ 1969ರ ಬ್ಯಾಂಕ್ ರಾಷ್ಟ್ರೀಕರಣ ನೆನಪಾಗುತ್ತದೆ. ಅವು 1863ರ ಕಾನೂನಿನಡಿ ಸನ್ನದು (ಚಾರ್ಟರ್, ಅಂದರೆ ಬ್ಯಾಂಕು ನಡೆಸಲು ಸರ್ಕಾರದ ಅನುಮತಿ) ಪಡೆದ ಖಾಸಗಿ ಬ್ಯಾಂಕುಗಳು. ಸರ್ಕಾರಿ ಬಾಂಡುಗಳನ್ನು ಖಜಾನೆಯಲ್ಲಿ ಅಡವಿಟ್ಟು, 1935ರವರೆಗೆ ಸ್ವಂತ ಹೆಸರಲ್ಲಿ ನೋಟು ಕೊಡುತ್ತಿದ್ದವು. ಬ್ಯಾಂಕಿನ ಹೆಸರು, ಊರು ನೋಟಿನ ಮೇಲೇ ಇರುತ್ತದೆ. ಬೆಲೆ ನಿಂತಿರುವುದೂ ಅದರ ಮೇಲೆಯೇ. ನ್ಯೂಯಾರ್ಕಿನ ದೊಡ್ಡ ಬ್ಯಾಂಕಿನ ಬಳಸದ ನೋಟಿಗಿಂತ, ಯಾವುದೋ ಸಣ್ಣ ಊರಿನ ಬ್ಯಾಂಕಿನ ಒಂದೋ ಎರಡೋ ಉಳಿದ ಸವೆದ ನೋಟಿಗೆ ಸಂಗ್ರಾಹಕರು ಜಾಸ್ತಿ ಕೊಡುತ್ತಾರೆ. ಫಲಕದಲ್ಲಿ ದರ್ಜೆಗಿಂತ ಮೊದಲು ಊರು ಬರಲಿ, ಸನ್ನದಿನ ಸಂಖ್ಯೆ ಬರಲಿ.

---

ಸನ್ನದು ಅರಬ್ಬಿ. ನೋಟು, ಬ್ಯಾಂಕು ಇಂಗ್ಲಿಷ್. ಒಂದು ಫಲಕದಲ್ಲಿ ಕನ್ನಡ ಎಷ್ಟು ಉಳಿಯಿತು? ‘ಕಾಗದದ ಹಣ’ ಅನ್ನಲು ಏನಡ್ಡಿ?

---

ಕಾಗದ ಪಾರಸಿ. ಹಣ ‘ಪಣ’ದ ತದ್ಭವ. ನೋಟು ಉಕಾರ ತೊಟ್ಟು, ನೋಟಿಗೆ, ನೋಟಿನಿಂದ ಅಂತ ವಿಭಕ್ತಿ ಹಿಡಿದು ಎಷ್ಟೋ ಕಾಲವಾಯಿತು. ಅದು ನಮ್ಮದೇ.

---

ವಿಭಕ್ತಿ ಎಲ್ಲಕ್ಕೂ ಹತ್ತುತ್ತದೆ. ಹತ್ತಿದ್ದೆಲ್ಲ ನಮ್ಮದಾದರೆ ಹೊಸ ಪದ ಕಟ್ಟುವವರು ಯಾರು? ತದ್ಭವವನ್ನೂ ಮೊನ್ನೆಯ ಎರವಲನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

---

ಎಲ್ಲರಿಗೂ ವಂದನೆ. ‘ಬಳಸದ ನೋಟು’ ಹಾಕಿದ್ದೇನೆ. ನೋಟು, ಸನ್ನದು ಹಾಗೇ ಇರುತ್ತವೆ. ಪ್ರತಿ ಫಲಕದಲ್ಲೂ ಊರಿನ ಹೆಸರನ್ನು ಮೇಲಕ್ಕೆ ತಂದೆ.