ನಗುವುದು ಯಾರನ್ನು ನೋಡಿ?

ಗಿರೀಶ: ಮಂಜು ಕಳಿಸಿದ ‘ಕಿಬಾರ್ ಫೇಯ್ಜೊ’ ಪೂರ್ತಿ ನೋಡಿದೆ. 1978ರ ಟರ್ಕಿ ಸಿನಿಮಾ, ಬಡ ಹಳ್ಳಿಗ ಫೇಯ್ಜೊ ಆಗಿ ಕೆಮಾಲ್ ಸುನಾಲ್ ಸೂಪರ್, ಒಪ್ಪುತ್ತೇನೆ. ಆದರೆ ಹಳ್ಳಿಯವರೆಲ್ಲ ಪೆದ್ದರು, ಬಾಯಿ ಬಿಟ್ಟರೆ ನಗು. ಇಸ್ತಾನ್‌ಬುಲ್‌ನವರು ಥಿಯೇಟರಿನಲ್ಲಿ ಕೂತು ಪೂರ್ವದ ಕಡೆಯ ಬಡವರನ್ನು ಆಡಿಕೊಳ್ಳುವ ಸಿನಿಮಾ ಅಷ್ಟೇ.

ಶೈಲಾ: ಲೋ, ಮೊಬೈಲ್ ಒತ್ತುತ್ತಾ ನೋಡಿದೆಯಾ? ನಗು ಬರುವುದು ಮಾಹೊ ಆಗಾನನ್ನು ನೋಡಿ. ಊರಿನ ಧಣಿ ಅವನು, ಶೆನೆರ್ ಶೆನ್ ಮಾಡಿದ್ದಾನೆ. ಯಾರು ಊರಲ್ಲಿರಬೇಕು, ಯಾರು ಗಂಟು ಕಟ್ಟಬೇಕು ಅಂತ ಹೇಳುವವನೂ ಅವನೇ. ಫೇಯ್ಜೊನನ್ನು ಊರು ಬಿಡಿಸುತ್ತಾನೆ, ಅವನು ಪಟ್ಟಣದಲ್ಲಿ ಕೂಲಿಯವರ ಜೊತೆ ಸೇರಿ ಸಂಘ, ಮುಷ್ಕರ ಎಲ್ಲ ಕಲಿತು ವಾಪಸ್ ಬರುತ್ತಾನೆ. ಆಮೇಲೆ ಧಣಿಗೆ ಹೆಸರೇ ‘ಫಾಶೊ ಆಗಾ’, ಅಂದರೆ ಫ್ಯಾಸಿಸ್ಟ್ ಧಣಿ. ಇದು ಬಡವರನ್ನು ಆಡಿಕೊಳ್ಳುವುದಾ?

ನಾಗರಾಜ: ಅದು ಸುಮ್ನೆ ತಮಾಷೆಗೆ ಇಟ್ಟಿದ್ದಲ್ಲ. ಟರ್ಕಿಯಲ್ಲಿ 1973ರಲ್ಲಿ ಭೂಸುಧಾರಣೆ ಕಾಯ್ದೆ ಬಂತು, ಮೊದಲು ಆಗ್ನೇಯದ ಉರ್ಫಾ ಕಡೆ ಜಾರಿ ಮಾಡಿದರು. 1976ರಲ್ಲಿ ಅಲ್ಲಿನ ಸಾಂವಿಧಾನಿಕ ಕೋರ್ಟು ಅದನ್ನು ರದ್ದು ಮಾಡಿತು. ಎರಡು ವರ್ಷಕ್ಕೆ ಈ ಸಿನಿಮಾ. ನೋಡಿದ ರೈತನಿಗೆ ಮಾಹೊ ಆಗಾ ಯಾರು ಅಂತ ಬಿಡಿಸಿ ಹೇಳಬೇಕಿತ್ತಾ?

ಅನಿತಾ: ಧಣಿ, ಜಮೀನು ಎಲ್ಲ ಸರಿ. ಫೇಯ್ಜೊ ಮದುವೆಯಾಗಬೇಕು ಅನ್ನುವ ಹುಡುಗಿ ಗುಲೊ ಕಥೆ ಏನು? ಮುಜ್ದೆ ಆರ್‌ನಂಥ ನಟಿ ಇದ್ದಾಳೆ. ಫೇಯ್ಜೊ, ಅವನ ಪೈಪೋಟಿಗಾರ ಬಿಲೊ ಇಬ್ಬರೂ ಅವಳ ಅಪ್ಪನ ಮುಂದೆ ತೆರ, ಅಂದರೆ ಹೆಣ್ಣಿಗೆ ಕೊಡುವ ಹಣ, ಏರಿಸುತ್ತಾ ಹೋಗುತ್ತಾರೆ, ಥೇಟ್ ಮಂಡಿ ಹರಾಜು. ಇವನು ಇಷ್ಟು ಅಂದರೆ ಅವನು ಇನ್ನಷ್ಟು. ಯಾವನಾದರೂ ಅವಳನ್ನು ಒಂದು ಮಾತು ಕೇಳುತ್ತಾನಾ?

ಶೈಲಾ: ಸಿನಿಮಾ ಗೇಲಿ ಮಾಡುವುದೇ ಆ ತೆರವನ್ನು ಕಣೇ. ಅದರ ಬಾಕಿ ತೀರಿಸಲಿಕ್ಕೇ ಅಲ್ವಾ ಫೇಯ್ಜೊ ಒದ್ದಾಡುವುದು?

ಅನಿತಾ: ಹೂಂ, ಫೇಯ್ಜೊ ಒದ್ದಾಡುತ್ತಾನೆ. ಗಂಡಸಿಗೆ ಸಂಘ, ಮುಷ್ಕರ, ಭಾಷಣ. ಅವಳಿಗೆ ಕಾಯುವ ಕೆಲಸ.

ನಾಗರಾಜ: ಇನ್ನೊಂದನ್ನು ಯಾರೂ ಹೇಳಲಿಲ್ಲ. ಆಗ್ನೇಯ ಟರ್ಕಿ ಅಂದರೆ ಕುರ್ದರು, ಅರಬರು ಎಲ್ಲ ಇರುವ ಜಾಗ. ಇದರಲ್ಲಿ ಎಲ್ಲರೂ ಎಳೆದು ಎಳೆದು ಟರ್ಕಿಶ್ ಮಾತಾಡುವ ‘ಪೂರ್ವದವರು’. ಆಗ ಕುರ್ದಿಷ್ ಮಾತನ್ನು ತೆರೆ ಮೇಲೆ ತಂದರೆ ಸೆನ್ಸಾರ್ ಬಿಡುತ್ತಿರಲಿಲ್ಲ. 1983ರಲ್ಲಿ ಆ ಭಾಷೆ ಬಳಸಬಾರದು ಅಂತ ಕಾನೂನೇ ಮಾಡಿದರು, ಅದು ಹೋಗಿದ್ದು 1991ರಲ್ಲಿ. ಬಡವ ಅಂತ ತೋರಿಸಬಹುದಿತ್ತು, ಕುರ್ದ ಅಂತ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಗಿರೀಶ: ಅದೇ ತಾನೇ ನಾನು ಹೇಳಿದ್ದು! ಅವರ ಮಾತೇ ಜೋಕು.

ಶೈಲಾ: ಹಾಗಾದರೆ 1985ರ ‘ಝುಗುರ್ತ್ ಆಗಾ’, ಅಂದರೆ ದಿವಾಳಿ ಧಣಿ, ಆ ಸಿನಿಮಾನೂ ನೋಡು. ಅದೇ ಶೆನೆರ್ ಶೆನ್, ಮತ್ತೆ ಧಣಿ. ಊರನ್ನೇ ಮಾರಿ ಇಸ್ತಾನ್‌ಬುಲ್‌ಗೆ ಹೋಗಿ ಟೊಮೇಟೊ ಮಾರುತ್ತಾನೆ, ಯಾವುದೂ ಕೈ ಹತ್ತುವುದಿಲ್ಲ. ಮೊದಲನೆಯದರಲ್ಲಿ ಧಣಿಯನ್ನು ಕೊಂದೇ ಬಿಡುತ್ತಾರೆ, ಇದರಲ್ಲಿ ಅಯ್ಯೋ ಪಾಪ ಅನಿಸುತ್ತಾನೆ. ಮಧ್ಯೆ 1980ರ ಮಿಲಿಟರಿ ದಂಗೆ ಆಗಿತ್ತು, ನೆನಪಿರಲಿ.

ಗಿರೀಶ: ಅದನ್ನೂ ನೋಡಿದ್ದೇನೆ. ಅದರಲ್ಲಿ ಹಳ್ಳಿಯವರು ಗೋಧಿ ಕದ್ದು ಓಡಿಹೋಗುವ ಕಳ್ಳರು. ಈಗೇನು ಹೇಳುತ್ತೀಯಾ?

ನಾಗರಾಜ: ಉತ್ತು ಬಿತ್ತಿ ಬೆಳೆದವರು ಅವರೇ ಅಲ್ವೇನೋ. ಅದನ್ನು ಕಳ್ಳತನ ಅನ್ನುವವನು ಧಣಿ. ಈಗ ನೀನೂ.